ಮಡಿಸದ ಕಂಬಳಿ

ಗಂಡನನ್ನು ಬೈಯಬೇಕೆಂದರೆ ಓಚ್ಚಮ್ಮಾಳ್ ಈಗ ನದಿಯ ದಂಡೆಯವರೆಗೆ ನಡೆದು ಬರಬೇಕಿತ್ತು. ಮೊದಲಾದರೆ ಒಲೆಯ ಮುಂದೆ ಕೂತಲ್ಲೇ ಆ ಕೆಲಸ ಮುಗಿಯುತ್ತಿತ್ತು. ಈಗ ಮೂಡಣ ದಂಡೆಯ ಬಂಡೆ ಹತ್ತಿ ನಿಂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಾಯಿಯ ಎರಡೂ ಪಕ್ಕ ಕೈ ಹಿಡಿದು ಕೂಗಬೇಕು.

“ಯೋವ್! ಕರು ಕಟ್ಟಿದ್ಯಾ, ಇಲ್ಲಾ ಬಿಟ್ಟೇ ಮಲಗ್ದ್ಯಾ?”

ಪಡುವಣ ದಂಡೆಯಲ್ಲಿ ಪೆರಿಯಣ್ಣನ್ ಮುಂಡಾಸು ಸುತ್ತಿಕೊಂಡು ನಿಂತಿರುತ್ತಿದ್ದ. ಗಾಳಿ ಅವನ ಕಡೆಯಿಂದ ಬೀಸಿದರೆ ಅವಳ ಮಾತು ಅವನಿಗೆ ಮುಟ್ಟುತ್ತಿರಲಿಲ್ಲ. ಮುಟ್ಟಿದರೂ ಅವನು ತಲೆಯಾಡಿಸುತ್ತಿದ್ದ, ಮುಟ್ಟದಿದ್ದರೂ ತಲೆಯಾಡಿಸುತ್ತಿದ್ದ. ಮದುವೆಯಾದ ಮೇಲೆ ಅವನು ಕಲಿತ ವಿದ್ಯೆ ಅದೊಂದೇ.

“ಅಡ ಪಾವಿ! ಕೇಳಿದ್ದು ಕರು ಕಟ್ಟಿದ್ಯಾ ಅಂತ. ಅದಕ್ಕೆ ತಲೆ ಆಡ್ಸಿದ್ರೆ ಯಾವುದು ಅಂತ ತಿಳ್ಕೊಳ್ಳಲಿ?”

ಅವನು ಮತ್ತೆ ತಲೆಯಾಡಿಸಿದ.

ಇಷ್ಟಕ್ಕೆಲ್ಲ ಕಾರಣ ಮೂಗು.

ಮಲೆಯ ಮೇಲೆ ಅಣೆಕಟ್ಟು ಏಳುತ್ತಿದ್ದ ಕಾಲ ಅದು. ಕಂಬಂ ಕಣಿವೆಯ ದಾರಿಯಲ್ಲಿ ಸುಣ್ಣ, ಕಬ್ಬಿಣ, ಬಿಳಿ ದೊರೆಗಳು ಎಲ್ಲವೂ ಗಾಡಿಯಲ್ಲಿ ಹೋಗುವುದನ್ನು ನೋಡಿ ನೋಡಿ ಜನಕ್ಕೆ ಸಾಕಾಗಿತ್ತು. ಹಾಗೆ ಹೋಗುತ್ತಿದ್ದ ಗಾಡಿಗಳಲ್ಲಿ ಒಂದು ಉತ್ತಮಪಾಳಯ ದಾಟಿ ಇವರ ಊರಿನಲ್ಲೇ ನಿಂತುಬಿಟ್ಟಿತು. ಇಳಿದವನು, ಅಮ್ಮಯ್ಯನಾಯಕ್ಕನೂರಿನಲ್ಲಿ ರೈಲು ಬಿಟ್ಟು, ದಿಂಡುಗಲ್ ಸೀಮೆಯಿಂದ ಇಲ್ಲಿಯವರೆಗೆ ಜನರ ಮೂಗು ಅಳೆಯುತ್ತಾ ಬಂದ ಒಬ್ಬ ದೊರೆ. ಅವನಿಗೊಂದು ಹೆಸರಿತ್ತು, ಯಾರ ನಾಲಗೆಗೂ ಹತ್ತಲಿಲ್ಲ. ಊರು ಅವನನ್ನು ಮೂಗುದೊರೆ ಎಂದು ಕರೆಯಿತು.

ಮೂಗುದೊರೆಯ ಲೆಕ್ಕದಲ್ಲಿ ಭೂಮಿಯ ಮೇಲೆ ಇರುವುದು ಎರಡೇ ಜನಾಂಗ. ಸೂಜಿಮೂಗಿನವರು, ಅಗಲಮೂಗಿನವರು. ಒಂದು ಆಳಲು ಹುಟ್ಟಿದ್ದು, ಇನ್ನೊಂದು ಮಣ್ಣು ಹೊರಲು ಹುಟ್ಟಿದ್ದು. ಎರಡೂ ಒಂದೇ ಒಲೆಯಲ್ಲಿ ಬೇಯಿಸಿ ತಿಂದರೆ ಎರಡೂ ಕೆಡುತ್ತವಂತೆ. ಯಾವ ಹುಚ್ಚ ಇದನ್ನು ಅವನ ತಲೆಗೆ ತುಂಬಿದನೋ ಗೊತ್ತಿಲ್ಲ, ಆದರೆ ಸರ್ಕಾರ ಅವನ ಮಾತು ಕೇಳಿತು. ಕಾಯಿದೆ ಬಂತು. ಬತ್ತಲಗುಂಡಿನ ಸಂತೆಯಲ್ಲಿ ಸೂಜಿಮೂಗಿಗೆ ಬೆಳಿಗ್ಗೆ, ಅಗಲಮೂಗಿಗೆ ಮಧ್ಯಾಹ್ನ ಎಂದಾಯಿತು. ಮಧ್ಯಾಹ್ನಕ್ಕೆ ಕೊಳೆತ ತರಕಾರಿಯೇ ಉಳಿಯುತ್ತಿತ್ತು. ಆಂಡಿಪಟ್ಟಿಯಲ್ಲಿ ಅಳೆದರೆ ಊರಿಗೆ ಊರೇ ಅಗಲಮೂಗು ಬಂತು. ಆಳುವವರೇ ಇಲ್ಲವಲ್ಲ ಎಂದು ಉತ್ತಮಪಾಳಯದಿಂದ ಕೆಲವು ಸೂಜಿಮೂಗುಗಳನ್ನು ಗಾಡಿಯಲ್ಲಿ ಎರವಲು ತಂದು ಕೂರಿಸಿದರು. ಆ ಪಾಪದವರು ಆಳುವುದೆಂದರೆ ಏನು ಮಾಡಬೇಕೆಂದು ತಿಳಿಯದೆ ಚಾವಡಿಯಲ್ಲಿ ಕೂತು ಹುಣಿಸೆ ಬೀಜ ಆಡುತ್ತಿದ್ದರಂತೆ.

ಇವರ ಊರಿನವರು ಕನ್ನಡ ಮಾತಾಡುವ ಒಕ್ಕಲು ಜನ. ಯಾವ ಕಾಲದಲ್ಲೋ ಉತ್ತರದಿಂದ ದನ ಹೊಡೆದುಕೊಂಡು ಬಂದು ಈ ಕಣಿವೆಯಲ್ಲಿ ಬೇರುಬಿಟ್ಟವರು. ಎಲ್ಲರೂ ಒಬ್ಬರಿಗೊಬ್ಬರು ಮಾವ, ಅತ್ತೆ, ಚಿಕ್ಕಪ್ಪ. ಇಂಥವರನ್ನು ಎರಡು ಜನಾಂಗ ಮಾಡುವುದು ಹೇಗೆ ಎಂದು ಊರು ನಕ್ಕಿತ್ತು. ದೊರೆ ನಗಲಿಲ್ಲ. ಡೇರೆ ಹಾಕಿ, ಹಿತ್ತಾಳೆಯ ಇಕ್ಕಳ ತೆಗೆದ.

ಅಳತೆಯ ಹಿಂದಿನ ವಾರವೆಲ್ಲ ಊರಿನಲ್ಲಿ ಯಾರೂ ನೆಟ್ಟಗೆ ಉಸಿರಾಡಲಿಲ್ಲ. ಬಿದಿರು ಸೀಳಿ ಮೂಗಿಗೆ ಚಿಮಟಿ ಹಾಕಿಕೊಂಡು ಮಲಗಿದರು. ತಾಯಂದಿರು ಹಸುಗೂಸುಗಳ ಮೂಗಿಗೆ ಹರಳೆಣ್ಣೆ ಹಚ್ಚಿ ಹಿಂಡಿ ಹಿಂಡಿ ಅಳಿಸಿದರು. ನೆಗಡಿಯಾಗಿ ಮೂಗು ಊದಿಕೊಂಡ ಒಬ್ಬನನ್ನು ಅಗಲಮೂಗಿಗೆ ಸೇರಿಸಿದರು. ನೆಗಡಿ ವಾಸಿಯಾದ ಮೇಲೆ ಬರುತ್ತೇನೆಂದು ಅವನು ಅತ್ತರೂ ಕೇಳಲಿಲ್ಲ.

ಓಚ್ಚಮ್ಮಾಳ್ ಮೂಗು ನಿಜವಾಗಿ ಅಗಲವೇನೂ ಅಲ್ಲ. ಸಿಟ್ಟು ಬಂದರೆ ಮಾತ್ರ ಹೊಳ್ಳೆ ಅರಳುತ್ತಿತ್ತು. ಡೇರೆಯ ಮುಂದೆ ಬಿಸಿಲಿನಲ್ಲಿ ನಿಂತು ನಿಂತು, ಒಳಗೆ ಹೋಗುವಷ್ಟರಲ್ಲೇ ಅವಳ ಹೊಳ್ಳೆ ಬಡಿದುಕೊಳ್ಳುತ್ತಿತ್ತು. ದೊರೆಯ ದುಬಾಷಿ ಜೆಯರಾಜ್ ಬತ್ತಲಗುಂಡಿನ ಕಡೆಯ ಯುವಕ, ಮಿಷನ್ ಶಾಲೆಯಲ್ಲಿ ಓದಿದವನು. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

“ಅಮ್ಮಾ, ಸ್ವಲ್ಪ ಶಾಂತವಾಗಿರಿ.”

ಅವಳ ಜೀವಮಾನದಲ್ಲಿ ಆ ಮಾತು ಕೇಳಿ ಅವಳು ಶಾಂತವಾದದ್ದೇ ಇಲ್ಲ. “ಶಾಂತಾನಾ? ನಿನ್ನ ಮೂಗಿಗೆ ಇಕ್ಕಳ ಹಾಕ್ತೀನಿ ಬಾ, ನೀನು ಶಾಂತವಾಗಿರು ನೋಡಣ! ನಿಮ್ಮ ದೊರೆ ಮೂಗು ಯಾರು ಅಳೆದ್ರು?”

“ಅದನ್ನ ಅವರ ಸೀಮೆಯಲ್ಲೇ ಅಳೆದು ಮುಗಿಸಿ ಕಳಿಸಿದ್ದಾರೆ,” ಎಂದ ಜೆಯರಾಜ್. ಹೇಳುವಾಗ ತನ್ನ ಮೂಗನ್ನು ಕರವಸ್ತ್ರದಲ್ಲಿ ಮುಚ್ಚಿಕೊಂಡಿದ್ದ. ಅವನದನ್ನು ಇನ್ನೂ ಯಾರೂ ಅಳೆದಿರಲಿಲ್ಲ. ಅಳೆಯಲು ಯಾರಿಗಾದರೂ ನೆನಪಾದೀತೆಂದು ಅವನು ವರ್ಷಪೂರ್ತಿ ನೆಗಡಿ ಬಂದವನಂತೆ ಇರುತ್ತಿದ್ದ.

ದೊರೆ ಇಕ್ಕಳ ಹಿಡಿದ. ಹೊಳ್ಳೆ ಇನ್ನಷ್ಟು ಅರಳಿತು. ಅಗಲಮೂಗು.

ಪೆರಿಯಣ್ಣನ್ ಸರದಿ ಬಂದಾಗ ದೊರೆ ಅವನ ಮೂಗನ್ನು ಎರಡು ಸಲ ಅಳೆದು, ತಲೆದೂಗಿ, ಇಂಥ ಚೆಂದದ ಸೂಜಿಮೂಗು ಈ ತಾಲ್ಲೂಕಿನಲ್ಲೇ ನೋಡಿಲ್ಲವೆಂದ. ಹೆಂಡತಿಗೆ ಹೆದರಿ ಉಸಿರು ಹಿಡಿದುಕೊಂಡೇ ಬಾಳಿದ್ದರಿಂದ ಹಾಗಾಗಿದೆ ಎಂದು ಊರವರು ಆಡಿಕೊಂಡರು. ಪೆರಿಯಣ್ಣನ್ ಮಾತ್ರ ಹಲ್ಲು ಬಿಟ್ಟುಕೊಂಡು ನಿಂತಿದ್ದ. ಜೀವಮಾನದಲ್ಲಿ ಅವನನ್ನು ಯಾರೂ ಯಾವುದಕ್ಕೂ ಹೊಗಳಿದ್ದಿಲ್ಲ.

ಹೀಗೆ ಸೂಜಿಮೂಗಿನವರು ಪಡುವಣ ದಂಡೆಯ ಹಳೆಯ ಊರಿನಲ್ಲೇ ಉಳಿದರು. ಅಗಲಮೂಗಿನವರನ್ನು ಮೂಡಣ ದಂಡೆಯ ತೆಂಗಿನಗರಿಯ ಗುಡಿಸಲುಗಳಿಗೆ ಅಟ್ಟಿ, ಕಾಲುವೆ ತೋಡಲು ಹಚ್ಚಿದರು. ನದಿ ದಾಟುವ ಹಾಯುಗಡದಲ್ಲಿ ದೊಣ್ಣೆ ಹಿಡಿದ ಪೇದೆಗಳು. ತಾಯಿಯನ್ನು ನೋಡಲು ಈಜಿಕೊಂಡು ಬಂದ ಒಬ್ಬನನ್ನು ಹಿಡಿದು ಗಾಡಿಗೆ ಹತ್ತಿಸಿದರು. ಗಾಡಿ ಎಲ್ಲಿಗೆ ಹೋಯಿತೆಂದು ಇವತ್ತಿಗೂ ಯಾರಿಗೂ ತಿಳಿಯದು. ಆಮೇಲೆ ಯಾರೂ ನೀರಿಗೆ ಇಳಿಯಲಿಲ್ಲ.

ಎಲ್ಲರಿಗಿಂತ ನೋಡಲಾಗದ ಪಾಡು ಪೇಚ್ಚಿಯಮ್ಮಾಳದು. ಅವಳದು ಸೂಜಿಮೂಗು. ಅವಳ ಮಗಳು ಅಳಗಮ್ಮಾಳ್‌ಗೆ ಇನ್ನೂ ಹಾಲುಹಲ್ಲು. ಮಕ್ಕಳ ಮೂಗು ಅಗಲವಾಗಿಯೇ ಇರುತ್ತದೆ, ಬೆಳೆದ ಮೇಲೆ ಏಳುತ್ತದೆ ಎನ್ನುವುದು ಕುರಿ ಕಾಯುವವನಿಗೂ ಗೊತ್ತು. ಇಕ್ಕಳಕ್ಕೆ ಗೊತ್ತಿರಲಿಲ್ಲ. ಕೂಸನ್ನು ಮೂಡಣ ದಂಡೆಗೆ ಹಾಕಿದರು. ಓಚ್ಚಮ್ಮಾಳ್ ಅದನ್ನು ತನ್ನ ಗುಡಿಸಲಿಗೆ ಎಳೆದುಕೊಂಡು ಬಂದು, ಬೈದು, ತಿನ್ನಿಸಿ, ಬೈದು, ಮಲಗಿಸುತ್ತಿದ್ದಳು.

ಬೈಗುಳ ಒಂದು ದಂಡೆಯಿಂದ ಇನ್ನೊಂದಕ್ಕೆ ಹೋಗಬಹುದಾದಷ್ಟು ದಿನ ಹೇಗೋ ನಡೆಯಿತು. ವೈಕಾಸಿ ತಿಂಗಳಲ್ಲಿ, ನದಿ ಬತ್ತಿ ನಡುವೆ ಮರಳದಿಣ್ಣೆ ಎದ್ದ ಹೊತ್ತಿನಲ್ಲಿ, ಹೊಸ ಅಪ್ಪಣೆ ಬಂತು. ಜೆಯರಾಜ್ ಹಾಯುಗಡದಲ್ಲಿ ನಿಂತು ಡೋಲು ಬಡಿಸಿದ.

“ಎಲ್ಲಾರುಂ ಕೇಳುಂಗ! ಇನ್ನು ಮೇಲೆ ದಂಡೆಯಿಂದ ದಂಡೆಗೆ ಕೂಗುವಂತಿಲ್ಲ. ಗಂಡ ಒಂದು ದಂಡೆ, ಹೆಂಡತಿ ಒಂದು ದಂಡೆ ಆಗಿರೋರು ಆಡಿ ತಿಂಗಳು ಹುಟ್ಟೋದರೊಳಗೆ ಬೇರೆ ಮದುವೆ ಆಗಬೇಕು. ಸೂಜಿಮೂಗಿಗೆ ಸೂಜಿಮೂಗು, ಅಗಲಮೂಗಿಗೆ ಅಗಲಮೂಗು. ಹೆಣ್ಣು ಗಂಡು ದೊರೆಯೇ ಹುಡುಕಿಕೊಡ್ತಾರೆ. ಪೆರಿಯಣ್ಣನ್‌ಗೆ ಬತ್ತಲಗುಂಡಿನಲ್ಲಿ ಒಬ್ಬ ವಿಧವೆ ಆಗಲೇ ಸಿಕ್ಕಿದ್ದಾರೆ. ತುಂಬಾ ಸಪೂರ ಮೂಗು.”

ಓಚ್ಚಮ್ಮಾಳ್ ಕೈಯಲ್ಲಿದ್ದ ಮಣ್ಣಿನ ಬುಟ್ಟಿ ನೆಲಕ್ಕೆ ಬಿತ್ತು. ಅವಳು ಆಚೆ ದಂಡೆಗೆ ಕಣ್ಣು ಕಿರಿದು ಮಾಡಿ ನೋಡಿದಳು. ಆ ಕತ್ತೆ ತಲೆಯಾಡಿಸುತ್ತಿತ್ತು.

ಅದು ಹೌದೆಂದೋ, ಕೇಳಿಸಲಿಲ್ಲವೆಂದೋ, ಬಿಸಿಲಿಗೆ ನೊಣ ಓಡಿಸುತ್ತಿದ್ದದ್ದೋ! ಆ ಹೊತ್ತು ಅವಳಲ್ಲಿ ಏಳಬೇಕಾದ ಸಿಟ್ಟು ಏಳಲಿಲ್ಲ, ಭಯ ಎದ್ದಿತು. ಅವನಿಲ್ಲದೆ ಅವಳು ಯಾರನ್ನು ಬೈಯುವುದು? ಬೇರೆ ಯಾರನ್ನು ಬೈದರೂ ಅವರು ತಿರುಗಿ ಬೈಯುತ್ತಾರೆ, ಇಲ್ಲವೇ ಅಳುತ್ತಾರೆ. ಇವನೊಬ್ಬನೇ ಇಷ್ಟು ವರ್ಷ ಕೂತು ಕೇಳಿದವನು.

“ಹಳೇ ಮದುವೆ ಏನಾಗ್ಬೇಕು?” ಎಂದು ಅವಳು ಕೂಗಿದಳು.

“ದೊರೆ ನಿಮ್ಮ ಪದ್ಧತಿ ಮುಟ್ಟೋದಿಲ್ಲಮ್ಮಾ,” ಎಂದ ಜೆಯರಾಜ್. “ಕುಲಾಚಾರ ಅಂದರೆ ಅವರಿಗೆ ಪ್ರಾಣ. ನಿಮ್ಮಲ್ಲಿ ಕಂಬಳಿ ಹಾಸಿ, ಹಿರಿಯರ ಮುಂದೆ ಕಡ್ಡಿ ಮುರಿದರೆ ಮದುವೆ ಬಿಟ್ಟಂತೆ ಅಲ್ಲವಾ? ಹಾಗೇ ಮಾಡಿ. ಮರಳದಿಣ್ಣೆ ಮೇಲೆ ಕಂಬಳಿ ಹಾಸಿ. ದಿಣ್ಣೆ ಎರಡು ದಂಡೆಗೂ ಸೇರಿದ್ದಲ್ಲ. ಒಂದು ದಿನಕ್ಕೆ ಎಲ್ಲರದೂ ಮುಗಿಸಿಬಿಡಿ.”

ಒಂದು ದಿನಕ್ಕೆ! ಓಚ್ಚಮ್ಮಾಳ್ ಬುಟ್ಟಿ ಎತ್ತಿಕೊಂಡಳು. ಅವಳು ಚಿಕ್ಕವಳಿದ್ದಾಗ ಎರಡು ಮನೆಯವರ ನಡುವೆ ಒಂದು ಎತ್ತಿನ ವಿಷಯಕ್ಕೆ ಕಂಬಳಿ ಹಾಸಿದ್ದರು. ಬಿತ್ತನೆಗೆ ಹಾಸಿದ್ದನ್ನು ಕೊಯ್ಲಿಗೆ ಮಡಿಸಿದರು. ಕಂಬಳಿಯ ಮೇಲೆ ದೂರು ಹೇಳಿದ ಮೇಲೆ, ದೂರಿದವರಾಗಲಿ, ಎದುರಾಳಿಯಾಗಲಿ, ಸಾಕ್ಷಿಯಾಗಲಿ, ತೀರ್ಮಾನ ಆಗುವವರೆಗೆ ಇಳಿಯುವಂತಿಲ್ಲ. ಅಲ್ಲೇ ಊಟ, ಅಲ್ಲೇ ನಿದ್ದೆ. ತುರ್ತಿಗೆ ಹೋಗಬೇಕಾದರೆ ಹಿರಿಯರ ಕೈಯಿಂದ ಬೇವಿನ ಸೊಪ್ಪು ಇಸಿದುಕೊಂಡು ಹೋಗಿ, ಹಿಂದಿರುಗಿ ಕೊಡಬೇಕು. ಇದು ಅವಳಿಗೂ ಗೊತ್ತು, ಊರಿಗೂ ಗೊತ್ತು. ದೊರೆ ಇವರ ಕೂದಲು ತೆಗೆಸುವ ಶಾಸ್ತ್ರದವರೆಗೂ ಬರೆದುಕೊಂಡಿದ್ದ. ಇದೊಂದನ್ನು ಕೇಳುವುದು ಮರೆತಿದ್ದ.

ಕಂಬಳಿಯ ಹಿರಿಯ ಮೂಕಯ್ಯ, ಪಡುವಣ ದಂಡೆಯ ಮುದುಕ. ಅವನ ಹೆಂಡತಿ ಕಾಳಿಯಮ್ಮಾಳ್ ಮೂಡಣ ದಂಡೆಯಲ್ಲಿದ್ದಳು. ಆದರೂ ಪದ್ಧತಿಯಲ್ಲಿ ಒಂದೆಳೆ ಬಿಡದ ಮನುಷ್ಯ. ದಿಣ್ಣೆಯ ಮೇಲೆ ಕರಿ ಕಂಬಳಿ ಹಾಸಿಸಿ, ನಡುವೆ ನೀರಿನ ಚೆಂಬಿಟ್ಟು, ಬೇವಿನ ಸೊಪ್ಪು ಹಾಕಿ, ಕಡ್ಡಿಯನ್ನು ಮಂಡಿಯ ಮುಂದೆ ಇಟ್ಟುಕೊಂಡು ಕೂತ. ಒಂದು ಕಡೆಯಿಂದ ಪೆರಿಯಣ್ಣನ್ ಬಂದ, ಇನ್ನೊಂದು ಕಡೆಯಿಂದ ಓಚ್ಚಮ್ಮಾಳ್ ಬಂದಳು. ಎಷ್ಟೋ ತಿಂಗಳ ಮೇಲೆ ಹತ್ತಿರದಿಂದ ಕಂಡ ಗಂಡ. ಸೊರಗಿದ್ದ. ಮುಂಡಾಸು ಮಾತ್ರ ದೊಡ್ಡದಾಗಿತ್ತು.

“ಕಡ್ಡಿ ಮುರಿಯೋಕೆ ಮುಂಚೆ ಯಾರ್ದಾದ್ರೂ ದೂರು ಐತಾ?” ಎಂದ ಮೂಕಯ್ಯ. ಕೇಳಲೇಬೇಕಾದ ಮಾತು ಅದು. ಯಾರೂ ಉತ್ತರ ಹೇಳುವುದಿಲ್ಲ, ಕಡ್ಡಿ ಮುರಿಯುತ್ತಾರೆ, ಮನೆಗೆ ಹೋಗುತ್ತಾರೆ.

“ಐತೆ ಮಾವ,” ಎಂದು ಓಚ್ಚಮ್ಮಾಳ್ ಕಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. “ಮದ್ವೆ ದಿನ ಇವನು ನನ್ನ ಕಾಲು ತುಳ್ದ. ಹೆಬ್ಬೆರಳು. ಅದರ ನ್ಯಾಯ ಆಗ್ಬೇಕು.”

ಪೆರಿಯಣ್ಣನ್ ಕೈಮುಗಿದು ನಿಂತ. “ಹೌದು ಚಿಕ್ಕಪ್ಪ. ತುಳ್ದೆ. ತಪ್ಪು ನಂದೇ.”

ಓಚ್ಚಮ್ಮಾಳ್‌ಗೆ ಕಣ್ಣು ಕತ್ತಲಿಟ್ಟಿತು. ಈ ಮಂಕು ಮುಂಡೇದು ತಪ್ಪೊಪ್ಪಿಕೊಂಡರೆ ಮೊಕದ್ದಮೆ ಅಲ್ಲಿಗೆ ಸತ್ತಂತೆ! ಮೂಕಯ್ಯ ಆಗಲೇ ಚೆಂಬಿನ ನೀರಿಗೆ ಕೈ ಹಾಕಿದ್ದ. ಅದನ್ನು ಚಿಮುಕಿಸಿದರೆ ತೀರ್ಮಾನವಾಯಿತು, ಆಮೇಲೆ ಉಳಿಯುವುದು ಕಡ್ಡಿಯೊಂದೇ.

“ನಿಲ್ಸು ಮಾವ! ದೂರು ಪೂರ್ತಿ ಹೇಳೇ ಇಲ್ಲ, ಇವನು ಹೆಂಗೆ ಒಪ್ಪಿದ? ಕೇಳ್ದೇನೇ ಒಪ್ಪೋದು ಯಾವ ಊರಿನ ಪದ್ಧತಿ?”

ಮೂಕಯ್ಯ ಕೈ ಹಿಂದಕ್ಕೆ ತೆಗೆದ. ಗಡ್ಡ ನೀವಿಕೊಂಡು ಯೋಚಿಸಿದ. “ಅವಳು ಹೇಳೋದು ಸರಿ. ದೂರು ಮುಗಿಯೋವರೆಗೆ ನೀನು ಬಾಯಿ ಬಿಡಂಗಿಲ್ಲ ಪೆರಿಯಣ್ಣಾ. ಕೂತ್ಕೋ.”

ಪೆರಿಯಣ್ಣನ್ ಕೂತ. ಬಾಯಿ ಬಿಡದೆ ಕೂರುವುದು ಅವನಿಗೆ ಕಷ್ಟದ ಕೆಲಸವಲ್ಲ.

ಓಚ್ಚಮ್ಮಾಳ್ ಆ ದಿನ ಶುರುಮಾಡಿದವಳು ಹೊತ್ತು ಮುಳುಗಿದರೂ ನಿಲ್ಲಿಸಲಿಲ್ಲ, ಮರುದಿನ ಬೆಳಕು ಹರಿದ ಕೂಡಲೇ ಮುಂದುವರಿಸಿದಳು. ಇವನು ಹುಟ್ಟಿದ ಕರುಗಳಿಗೆಲ್ಲ ಒಂದೇ ಹೆಸರಿಡುತ್ತಾನೆ, ಕರೆದರೆ ಎಲ್ಲವೂ ಬರುತ್ತವೆ. ಮಾಡು ಹೊದಿಸಲು ಹತ್ತಿದವನು ಅಲ್ಲೇ ನಿದ್ದೆ ಹೋದ, ಊರೆಲ್ಲ ಹುಡುಕಿ ನಾನು ಬಾವಿಗೆ ಇಣುಕಿ ಅತ್ತೆ. ತನ್ನ ತಂಗಿಯ ಮನೆಯಲ್ಲಿ ಕಂಬಿನ ಕೂಳು, ಅದೇ ಸಜ್ಜೆಯ ಮುದ್ದೆ, ಉಂಡು, ಇದು ಕೂಳು ಎಂದ. ಹಾಗಾದರೆ ನಾನು ಇಕ್ಕಿದ್ದು ಏನು? ಆಂಡಿಪಟ್ಟಿಗೆ ಮದುವೆಗೆ ಕಳಿಸಿದರೆ ಯಾರದೋ ಮದುವೆಗೆ ಹೋಗಿ ಉಂಡು, ಯಾರದೋ ಮಗಳನ್ನು ಹರಸಿ ಬಂದ. ನಮ್ಮವರು ಇವತ್ತಿಗೂ ಮುಖ ಕೊಟ್ಟು ಮಾತಾಡುವುದಿಲ್ಲ. ಒಂದೊಂದಕ್ಕೂ ಸಾಕ್ಷಿ ಬೇಕಲ್ಲ? ಸಾಕ್ಷಿಗಳ ಹೆಸರು ಹೇಳುತ್ತಾ ಹೋದಳು. ಈ ದಂಡೆಯಿಂದ ಒಬ್ಬರು, ಆ ದಂಡೆಯಿಂದ ಒಬ್ಬರು. ಬಂದವರು ಕಂಬಳಿ ತುಳಿದರು, ಕೂತರು. ಇಳಿಯುವಂತಿಲ್ಲ. ಬಾವಿಯ ವಿಷಯಕ್ಕೆ ಕಾಳಿಯಮ್ಮಾಳ್ ಸಾಕ್ಷಿ ಎಂದಾಗ ಮೂಕಯ್ಯ ಎರಡು ಸಲ ಕೆಮ್ಮಿ, “ಕರೀರಿ, ಪದ್ಧತಿ ಪದ್ಧತಿನೇ,” ಎಂದ. ಹೆಂಡತಿ ಬಂದು ಪಕ್ಕದಲ್ಲಿ ಕೂತಾಗ ಅವನು ಅವಳ ಕಡೆ ನೋಡಲಿಲ್ಲ. ತನ್ನ ಮೇಲುವಸ್ತ್ರವನ್ನು ಮಡಿಸಿ ಅವಳ ಕೆಳಗೆ ಹಾಸಲು ಮಾತ್ರ ತಳ್ಳಿದ.

ಪೇಚ್ಚಿಯಮ್ಮಾಳ್ ದಂಡೆಯಲ್ಲಿ ನಿಂತು ಇದನ್ನೆಲ್ಲ ನೋಡಿದಳು. ಮೂರನೆಯ ದಿನ ಓಡಿ ಬಂದು ಕಂಬಳಿಯ ಅಂಚು ತುಳಿದಳು.

“ತಾತ, ನಂದೂ ದೂರು ಐತೆ. ನನ್ನ ಮಗಳ ಮೇಲೆ.”

“ಆ ಚೋಟುದ್ದದ ಕೂಸಿನ ಮೇಲಾ?”

“ಕರೆದ್ರೆ ಬರಲ್ಲ ತಾತ. ಎಷ್ಟು ತಿಂಗಳಿಂದ ಕರೀತೀನಿ.”

ಅಳಗಮ್ಮಾಳನ್ನು ಕರೆಸಿದರು. ಓಚ್ಚಮ್ಮಾಳ್ ಅದರ ಕಿವಿಯಲ್ಲಿ, “ಒಪ್ಕೊಂಡೀಯೆ ಜೋಕೆ, ತೊಡೆ ಸೀಳ್ತೀನಿ,” ಎಂದು ಬುದ್ಧಿ ಹೇಳಿ ಕಳಿಸಿದಳು. ಹೇಳುವ ಅಗತ್ಯವೇ ಇರಲಿಲ್ಲ. ಕೂಸು ಕಂಬಳಿ ಹತ್ತಿ, ತಾಯಿಯನ್ನು ನೋಡಿ, ಮೂತಿ ಊದಿಸಿ ಚೀರಿತು. “ನೀನೇ ಬರ್ಲಿಲ್ಲ! ನಾನು ದಿನಾ ಬಂಡೆ ಮೇಲೆ ನಿಂತಿದ್ದೆ, ನೀನೇ ಬರ್ಲಿಲ್ಲ!”

“ತಪ್ಪು ನಿಂದು ಅಂತ ಒಪ್ತೀಯೇನವ್ವಾ?” ಎಂದ ಮೂಕಯ್ಯ.

“ಮಾಟೇನ್!” ಎಂದು, ಒಪ್ಪಲ್ಲವೆಂದು ತಮಿಳಿನಲ್ಲಿ ಕಿರುಚಿ, ಕಾಲು ನೆಲಕ್ಕೆ ಬಡಿದು, ತಾಯಿಯ ಮಡಿಲಿನಲ್ಲಿ ಮುಖ ಹುದುಗಿಸಿಕೊಂಡು ಅತ್ತಿತು. ಪೇಚ್ಚಿಯಮ್ಮಾಳೂ ಅತ್ತಳು. ಮೂಕಯ್ಯ ಗಂಟಲು ಸರಿಮಾಡಿಕೊಂಡು, ಇದು ಬಹಳ ತೊಡಕಿನ ವ್ಯಾಜ್ಯ, ಬೇಗ ಮುಗಿಯುವುದಲ್ಲ ಎಂದ.

ಅಲ್ಲಿಂದ ಮುಂದೆ ಕಟ್ಟೆ ಒಡೆಯಿತು. ಅಣ್ಣ ತಮ್ಮನ ಮೇಲೆ, ಸೊಸೆ ಅತ್ತೆಯ ಮೇಲೆ, ಮಾವ ಅಳಿಯನ ಮೇಲೆ, ಎಲ್ಲರೂ ದೂರು ತಂದರು. ಜಗಳವಾಡಲು ಕಾರಣ ಸಿಗದವರು ಓಚ್ಚಮ್ಮಾಳ್ ಬಳಿ ಬಂದು ಎರವಲು ಕೇಳಿದರು. ಅವಳ ಬಳಿ ಬೇಕಾದಷ್ಟಿತ್ತು. ಒಂದು ಕಂಬಳಿ ಸಾಲದೆ ಅಂಚಿಗೆ ಇನ್ನೊಂದು ಹೊಲಿದರು, ಅದರ ಅಂಚಿಗೆ ಮತ್ತೊಂದು. ದಿಣ್ಣೆಯ ಈ ತುದಿಯಿಂದ ಆ ತುದಿಗೆ ಕಂಬಳಿಯಾಯಿತು. ಬಿಸಿಲಿಗೆ ಚಪ್ಪರ ಎದ್ದಿತು. ಪೇದೆಗಳು ದಂಡೆಯಲ್ಲಿ ನಿಂತು ನೋಡಿದರು. ಹಗಲೆಲ್ಲ ಊರು ಗಂಟಲು ಹರಿಯುವಂತೆ ಜಗಳವಾಡುತ್ತಿತ್ತು, ಸಂಜೆ ಒಟ್ಟಿಗೆ ಕೂತು ಉಣ್ಣುತ್ತಿತ್ತು. ಕಾಲುವೆಯಲ್ಲಿ ಗುದ್ದಲಿ ಹಿಡಿಯಲು ಜನವಿಲ್ಲ, ಪಡುವಣದಲ್ಲಿ ಆಳಲು ಜನವಿಲ್ಲ.

ಮೂಗುದೊರೆ ಮೊದಮೊದಲು ಹಿಗ್ಗಿ, ದಂಡೆಯಲ್ಲಿ ಮೇಜು ಹಾಕಿ ಎಲ್ಲವನ್ನೂ ಬರೆದುಕೊಂಡ. ಇಂಥ ಜಗಳಗಂಟ ಕುಲ ಪ್ರಪಂಚದಲ್ಲೇ ಇಲ್ಲವೆಂದು ಜೆಯರಾಜ್ ಹತ್ತಿರ ಹೇಳಿದನಂತೆ. ಆದರೆ ಆಡಿ ಹತ್ತಿರ ಬಂತು. ಬತ್ತಲಗುಂಡಿನ ವಿಧವೆ ಗಾಡಿಯಲ್ಲಿ ಬಂದು, ಕಾದು, ಬೇಸತ್ತು, ವಾಪಸು ಹೋದಳು. ದೊರೆಯ ಮುಖ ಮೆಣಸಿನಕಾಯಿಯಾಯಿತು. ಕುರ್ಚಿ ಹೊರಿಸಿಕೊಂಡು ದಿಣ್ಣೆಗೇ ಬಂದ.

ಜೆಯರಾಜ್ ಕರವಸ್ತ್ರದೊಳಗಿಂದ ಹೇಳಿದ. “ಮೊದಲ ದೂರು ಮುಗಿದರೆ ಉಳಿದದ್ದೂ ಮುಗಿಯುತ್ತೆ ಅಂತಾರೆ ದೊರೆ. ಆ ಹೆಂಗಸು ಹೇಳಬೇಕಾದದ್ದೆಲ್ಲ ಹೇಳಾಯ್ತು. ಗಂಡ ಉತ್ತರ ಕೊಡಲಿ. ಇವತ್ತೇ ತೀರ್ಮಾನ ಆಗಬೇಕು. ಇದೂ ನಿಮ್ಮ ಪದ್ಧತಿಯೇ, ಬರೆದುಕೊಂಡಿದ್ದಾರೆ.”

ಮೂಕಯ್ಯ ಇಲ್ಲವೆನ್ನಲಾರದೆ ಒಪ್ಪಿಕೊಂಡ. ಓಚ್ಚಮ್ಮಾಳ್ ಹೇಳಲು ಇನ್ನೇನಾದರೂ ಉಳಿದಿದೆಯೇ ಎಂದು ತಲೆಯೊಳಗೆ ತಡಕಾಡಿದಳು. ಅವನ ಹುಟ್ಟಿನಿಂದ ಹಿಡಿದು ಎಲ್ಲವೂ ಮುಗಿದಿತ್ತು.

“ಪೆರಿಯಣ್ಣಾ, ಎದ್ದು ನಿಲ್ಲು. ನಿನ್ನ ಮೇಲಿರೋ ದೂರು ಕೇಳ್ದೆ. ಒಪ್ತೀಯಾ?”

ಪೆರಿಯಣ್ಣನ್ ಎದ್ದ. ಕತ್ತು ಮುಂದಕ್ಕೆ ಬಾಗಿತು. ತಲೆಯಾಡಿಸುವ ಮುಂಚೆ ಅವನ ಕತ್ತು ಹಾಗೆಯೇ ಬಾಗುವುದನ್ನು ಓಚ್ಚಮ್ಮಾಳ್ ಬಲ್ಲಳು. ಎದ್ದು ಅವನ ಮುಂಡಾಸು ಹಿಡಿದು ನಿಲ್ಲಿಸಬೇಕೆನ್ನಿಸಿತು. ಎದುರಾಳಿಯನ್ನು ಮುಟ್ಟುವಂತಿಲ್ಲ.

“ಯೋವ್,” ಎಂದಳು ಹಲ್ಲು ಕಚ್ಚಿ. “ಒಂದು ಸಲ... ಇದೊಂದೇ ಒಂದು ಸಲ, ತಲೆ ಆಡಿಸ್ಬೇಡ ಮಾಮಾ.”

ಸಿಟ್ಟಿಲ್ಲದೆ ಅವಳು ಗಂಡನನ್ನು ಮಾಮಾ ಎಂದು ಕರೆದು ಎಷ್ಟೋ ಕಾಲವಾಗಿತ್ತು. ಪೆರಿಯಣ್ಣನ್ ಅವಳನ್ನು ನೋಡಿದ. ದೊರೆಯನ್ನು ನೋಡಿದ. ಮುಂಡಾಸು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡ.

“ಒಪ್ಪಲ್ಲ ಚಿಕ್ಕಪ್ಪ,” ಎಂದ.

ಕಂಬಳಿಯ ಮೇಲಿದ್ದ ಊರು ಉಸಿರು ಬಿಟ್ಟಿತು. ಆದರೆ ಪೆರಿಯಣ್ಣನ್ ಅಲ್ಲಿಗೆ ನಿಲ್ಲಿಸಲಿಲ್ಲ. ಬಾಯಿ ಒಮ್ಮೆ ತೆರೆದ ಮೇಲೆ ಅದನ್ನು ಮುಚ್ಚುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ.

“ನಂದೂ ಒಂದು ದೂರು ಐತೆ ಇವಳ ಮೇಲೆ. ಮೂಗು ಅಳೆದ ದಿನ, ಇವಳನ್ನ ಆ ದಂಡೆಗೆ ಕಳಿಸ್ತಾ ಇದ್ರು. ನಾನು ಹಿಂದೇನೇ ಹೋದೆ. ನನ್ನೂ ಅಗಲಮೂಗು ಅಂತ ಬರ್ಕೊಳ್ಳಿ, ಇವಳ ಜೊತೆ ಹೋಗ್ತೀನಿ ಅಂತ ದೊರೆ ಕಾಲಿಗೆ ಬೀಳೋಣ ಅಂತಿದ್ದೆ. ನೀರಿನ ಅಂಚಿಗೆ ಬಂದಾಗ ಇವಳು ತಿರುಗಿ ನೋಡಿ, ಎಲ್ಲರ ಮುಂದೆ ಅಂದ್ಲು. ‘ಹಲ್ಲು ಬಿಟ್ಕೊಂಡು ನಿಂತೀಯಲ್ಲ, ತೊಲಗು, ಪೀಡೆ ತೊಲಗ್ತು ಅಂದ್ಕೊಳ್ತೀನಿ’ ಅಂತ.” ಅವನು ಮುಂಡಾಸನ್ನು ಕಂಕುಳಲ್ಲಿ ಒತ್ತಿ ಹಿಡಿದ. “ಅದಕ್ಕೇ ವಾಪಸು ಹೋದೆ. ರಾತ್ರಿ ಒಬ್ನೇ ಮಲಗಿ ದಿನಾ ಅದನ್ನೇ ಕೇಳ್ಕೊಳ್ತೀನಿ ಚಿಕ್ಕಪ್ಪ. ನಿಜವಾಗ್ಲೂ ಅಂದ್ಲಾ, ಸುಮ್ಮಾ ಬಾಯಿಗೆ ಬಂದು ಅಂದ್ಲಾ? ಏ ಪುಳ್ಳೆ, ಹೆಣ್ಣೇ, ನೀನೇ ಹೇಳು.”

ಕಂಬಳಿಯ ಮೇಲಿದ್ದವರೆಲ್ಲ ಅವಳ ಕಡೆ ತಿರುಗಿದರು.

ಓಚ್ಚಮ್ಮಾಳ್ ಅಂದಿದ್ದಳು. ಅವಳಿಗೆ ನೆನಪೂ ಇರಲಿಲ್ಲ, ಆದರೆ ಅಂದಿದ್ದಳು, ಅವನು ಹೇಳಿದ ಕೂಡಲೇ ಅವಳ ಕಿವಿಗೆ ಅವಳದೇ ದನಿ ಬಂದು ಬಡಿಯಿತು. ಇವನು ಬರಲು ಹೊರಟಿದ್ದ! ಆ ಚೆಂದದ ಮೂಗನ್ನು ದೊರೆಯ ಮುಂದೆ ಎಸೆದು ಗುಡಿಸಲಿಗೆ ಬರಲು ಹೊರಟಿದ್ದ ಈ ಮನುಷ್ಯ, ಅವಳ ಒಂದು ಮಾತಿಗೆ ಹಿಂದಿರುಗಿದ್ದ.

ಬಾಯಿಗೆ ಬಂದು ಅಂದೆ, ತಪ್ಪಾಯಿತು ಎಂದು ಹೇಳಬೇಕಿತ್ತು. ಹೇಳಿದರೆ ಅವಳು ಒಪ್ಪಿದಂತೆ. ಮೂಕಯ್ಯನ ಕೈ ಚೆಂಬಿನ ಹತ್ತಿರವೇ ಇತ್ತು. ನಿಜವಾಗಿಯೇ ಅಂದೆ ಎಂದರೆ ವ್ಯಾಜ್ಯ ಉಳಿಯುತ್ತದೆ, ಇವನು ಉಳಿಯುವುದಿಲ್ಲ. ಉತ್ತರ ಕೊಡದೆ ಕೂತರೂ ಸೋತಂತೆ.

“ಉತ್ತರ ಇಲ್ವಾ ಓಚ್ಚಮ್ಮಾ?” ಎಂದ ಮೂಕಯ್ಯ ಮೆಲ್ಲಗೆ. ಕುರ್ಚಿಯಲ್ಲಿ ದೊರೆ ಮುಂದಕ್ಕೆ ಬಾಗಿದ.

ಓಚ್ಚಮ್ಮಾಳ್ ಎದ್ದು ನಿಂತಳು. ಹೊಳ್ಳೆಗಳು ಅರಳಿದವು.

“ಅಂದೆ! ಹೌದು, ಅಂದೆ! ನಾನು ಏನೆಲ್ಲ ಅಂತೀನಿ! ಕರು ಕಟ್ಟು ಅಂತೀನಿ, ಕಟ್ಟಿದ್ಯಾ? ತಂಗಿ ಮನೆಗೆ ಹೋಗ್ಬೇಡ ಅಂತೀನಿ, ಹೋಗೋದು ಬಿಟ್ಯಾ? ಇಷ್ಟು ವರ್ಷದಲ್ಲಿ ನನ್ನ ಒಂದು ಮಾತು ಕೇಳಿದ್ದೀಯಾ ನೀನು? ಒಂದು? ಏನು ಹೇಳಿದ್ರೂ ತಲೆ ಆಡ್ಸಿ ನಿನ್ನ ಪಾಡಿಗೆ ನೀನು ಮಾಡ್ಕೊಂಡು ಬಂದೆ!” ಅವಳು ಅವನ ಕಡೆ ಒಂದು ಹೆಜ್ಜೆ ಇಟ್ಟಳು. “ಹಂಗಿದ್ಮೇಲೆ ಆ ಒಂದು ಮಾತು ಯಾಕೆ ಕೇಳಿದ್ಯೋ ಪಾವಿ! ಯಾವುದನ್ನೂ ಕೇಳದೋನು ಅದನ್ನೇ ಯಾಕೆ ಕೇಳಿದ್ದು? ಇದಕ್ಕೆ ಉತ್ತರ ಕೊಡ್ಲಿ ಮಾವ ಇವನು! ಇದೇ ನನ್ನ ದೂರು! ಹಿಂದೆ ಹೇಳಿದ್ದೆಲ್ಲ ಬಿಟ್ಟೆ, ಹೆಬ್ಬೆರಳೂ ಬಿಟ್ಟೆ. ಇದಕ್ಕೆ ಹೇಳ್ಲಿ!”

ಪೆರಿಯಣ್ಣನ್ ಅವಳ ಮುಖವನ್ನೇ ನೋಡುತ್ತಾ ನಿಂತ. ಅವನ ಮುಖದ ಮೇಲೆ ಏನೋ ಮೆಲ್ಲಗೆ ಬಿಡಿಸಿಕೊಂಡಿತು. ತಲೆಯಾಡಿಸಲು ಕತ್ತು ಬಾಗಿದ್ದನ್ನು ತಾನೇ ಹಿಡಿದು ನಿಲ್ಲಿಸಿಕೊಂಡ.

“ಅದಕ್ಕೆ ಉತ್ತರ ಯೋಚನೆ ಮಾಡ್ಬೇಕು ಚಿಕ್ಕಪ್ಪ,” ಎಂದ. “ನಾನು ನಿಧಾನ.”

ಮೂಕಯ್ಯ ಚೆಂಬನ್ನು ದೂರ ಸರಿಸಿದ. “ಇದು ಹೊಸ ದೂರು. ಅವನ ದೂರೂ ಹೊಸದು. ಎರಡಕ್ಕೂ ಮೊದಲಿಂದ ಸಾಕ್ಷಿ ಕೇಳ್ಬೇಕು. ನೀರಿನ ಅಂಚಿನಲ್ಲಿ ಆ ದಿನ ಯಾರ್ಯಾರಿದ್ರು?”

“ನಾನಿದ್ದೆ,” ಎಂದಿತು ಊರು. ಊರೆಲ್ಲ ಇತ್ತು.

ಮೂಕಯ್ಯ ದುಬಾಷಿಯ ಕಡೆ ತಿರುಗಿದ. “ನೀನೂ ಇದ್ದೆ ಅಲ್ವೇನಪ್ಪಾ ಜೆಯರಾಜು? ಮತ್ತೆ ನಿಮ್ಮ ದೊರೆ? ಇಬ್ರೂ ಬಂದು ಕಂಬಳಿ ಮೇಲೆ ಕೂತ್ರೆ ವಿಚಾರಣೆ ಶುರು ಮಾಡಣ.”

ಜೆಯರಾಜ್ ಇದನ್ನು ದೊರೆಗೆ ಹೇಗೆ ಹೇಳಿದನೋ, ಎಷ್ಟು ಹೇಳಿದನೋ. ದೊರೆ ತಟ್ಟನೆ ಕುರ್ಚಿ ಬಿಟ್ಟೆದ್ದು, ಕಂಬಳಿಯ ಅಂಚಿನಿಂದ ಹಿಂದಕ್ಕೆ ಸರಿದು, ನೀರಿಗೆ ಕಾಲಿಟ್ಟ. ಮೇಲಿನವರಿಗೆ ಬರೆದು ಕೇಳುತ್ತೇನೆ ಎಂದನಂತೆ. ಅವರು ಅವರ ಮೇಲಿನವರನ್ನು ಕೇಳಬೇಕು, ಸಮುದ್ರ ದಾಟಿ ಕೇಳಬೇಕು. ಕುರ್ಚಿಯನ್ನು ಹಿಂದೆಯೇ ಹೊತ್ತುಕೊಂಡು ಹೋದರು.

ಜೆಯರಾಜ್ ಮಾತ್ರ ದಂಡೆಯತ್ತ ನಾಲ್ಕು ಹೆಜ್ಜೆ ಹೋಗಿ ನಿಂತ. ಕರವಸ್ತ್ರ ಮೂಗಿನಿಂದ ತೆಗೆದು ಜೇಬಿಗಿಟ್ಟ. ಮೂಗು ಹೇಳಿಕೊಳ್ಳುವಂಥದ್ದೇನೂ ಅಲ್ಲ, ಸಾಮಾನ್ಯ ಮೂಗು. ಹಿಂದಿರುಗಿ ಬಂದು, ಕಂಬಳಿಯ ಅಂಚಿನಲ್ಲಿ ಚಪ್ಪಲಿ ಬಿಟ್ಟು, ನಾನು ಸಾಕ್ಷಿ ಹೇಳಬೇಕಲ್ಲ ಎಂದು ಕೂತ. ಬತ್ತಲಗುಂಡಿನಲ್ಲಿ ಅವನ ತಾಯಿ ಇದ್ದಾಳೆಂದೂ, ಅವಳ ಮೇಲೂ ಒಂದು ದೂರು ಹೂಡಬಹುದೇ ಎಂದೂ ಮೂಕಯ್ಯನನ್ನು ಪಿಸುದನಿಯಲ್ಲಿ ಕೇಳಿದ.

ಕಂಬಿನ ಕೂಳು ಬಂತು. ಓಚ್ಚಮ್ಮಾಳ್ ಉಂಡೆ ಕಟ್ಟಿ, ನಡುವೆ ಬೆರಳಿನಿಂದ ಗುಳಿ ಮಾಡಿ, ಸಾರು ಬಿಟ್ಟು ಗಂಡನ ಮುಂದೆ ಕುಕ್ಕಿದಳು.

“ಉತ್ತರ ಯೋಚನೆ ಮಾಡಿದ್ಯಾ?”

“ಇನ್ನೂ ಇಲ್ಲ.”

“ಬೇಗ ಸಿಕ್ಕಿದ್ರೆ ನಿನ್ನ ಚರ್ಮ ಸುಲೀತೀನಿ. ಸಿಕ್ಕಿದ್ರೂ ಹೇಳ್ಬೇಡ. ಅದರ ಮೇಲೆ ಇನ್ನೊಂದು ದೂರು ಹಾಕು. ದೂರು ಹಾಕೋಕೆ ಬರುತ್ತಾ ನಿಂಗೆ?”

ಪೆರಿಯಣ್ಣನ್ ಉಂಡೆ ಮುರಿದು ಬಾಯಿಗಿಟ್ಟ. ಅಗಿದ. ಬಹಳ ಹೊತ್ತು ಅಗಿದ.

“ಕೂಳಿಗೆ ಉಪ್ಪಿಲ್ಲ,” ಎಂದ.

ಓಚ್ಚಮ್ಮಾಳ್ ಅವನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಉಪ್ಪಿನ ಮಡಕೆಯನ್ನು ಹಿಂದಕ್ಕೆ ಸರಿಸಿಟ್ಟು, ಇಡೀ ದಿಣ್ಣೆಗೆ ಕೇಳುವಂತೆ ಕೂಗಿದಳು.

“ಮಾವ! ನನ್ನ ಗಂಡ ದೂರು ಹೇಳ್ತವ್ನೆ, ಬಾ!”